ಮೆಣಸಿನಕಾಯಿ ಹೊಗೆಗೊಂದು ಕಾಲಂ

ಏಳು ಸಮುದ್ರದಾಚೆ ಒಬ್ಬ ರಾಜನಿದ್ದನಂತೆ. ಲೋಕದ ಯಾವ ಮೂಲೆಯಲ್ಲಿ ಎಷ್ಟು ಮಕ್ಕಳು ಪೆಟ್ಟು ತಿನ್ನುತ್ತವೆಂದು ತಿಳಿಯುವ ಆಸೆ ಅವನಿಗೆ. ಒಂದೇ ಅಳತೆಯ ಕೊಳಗ ಮಾಡಿಸಿ ದೇಶದೇಶಕ್ಕೆ ಕಳಿಸಿದ. ಕೊಳಗ ಹಿಡಿದಷ್ಟೇ ಅಳು. ಹೊರಗೆ ಚೆಲ್ಲಿದ್ದು ಅಳುವೇ ಅಲ್ಲ.

ರಾಯದುರ್ಗದ ನಾಗವೇಣಿ ಆ ಕೊಳಗ ಹೊತ್ತವಳು. ಅಜ್ಜಿ ಉಜ್ಜಿನಮ್ಮನ ಕಥೆ ಕೇಳಿ ಬೆಳೆದವಳಿಗೆ ಸರ್ವೆ ಕೆಲಸವೂ ಕಥೆಯಂತೆಯೇ ಕಂಡಿತ್ತು. ಕೊಳಗವೆಂದರೆ ಒಂದು ಟ್ಯಾಬ್. ಅದರೊಳಗೆ ಹನ್ನೊಂದು ದೇಶಗಳ ತಂದೆತಾಯಂದಿರಿಗೆ ಕೇಳುವ ಮೂವತ್ತೆರಡು ಪ್ರಶ್ನೆ. ಕೈಯಿಂದ ಹೊಡೆದಿದ್ದೀರಾ? ಬೆಲ್ಟಿನಿಂದ? ಹಿಡಿದು ಅಲುಗಾಡಿಸಿದ್ದೀರಾ?

ಕಣೇಕಲ್ಲಿನ ಆಚೆ, ಗದ್ದೆ ಕೂಲಿಯ ಕೊಟ್ರಮ್ಮನ ಮನೆ ನಲವತ್ತೊಂದನೆಯದು. ಅವಳು ಎಲ್ಲದಕ್ಕೂ ಇಲ್ಲ ಎಂದಳು. ಹೇಮಾ ತನ್ನ ಒಬ್ಬಳೇ ಮಗಳು, ಮೈಮೇಲೆ ಒಂದು ಬೆರಳೂ ಇಟ್ಟಿಲ್ಲ ಎಂದಳು. ಸುಳ್ಳಲ್ಲ, ಅದು ಅವಳ ಮುಖದಲ್ಲೇ ಕಾಣುತ್ತಿತ್ತು. ನಾಗವೇಣಿ ಮೂವತ್ತೆರಡು ಸಲ 'ಇಲ್ಲ' ಒತ್ತಿ ಎದ್ದಳು.

ಒಂಬತ್ತು ವರ್ಷದ ಹೇಮಾ ಆಟೊ ನಿಲ್ಲುವಲ್ಲಿಗೆ ಹಿಂದೆಯೇ ಬಂದಳು. ಕೆಮ್ಮುತ್ತಿದ್ದಳು. ಕಣ್ಣು ಕೆಂಡದಂತಾಗಿದ್ದವು. ಬೆಳಿಗ್ಗೆ ಅವ್ವ ಕೆಂಡದ ಮೇಲೆ ಒಣಮೆಣಸಿನಕಾಯಿ ಹಾಕಿ, ಇವಳ ಕುತ್ತಿಗೆ ಬಗ್ಗಿಸಿ, ಆ ಘಾಟಿಗೆ ಮುಖ ಹಿಡಿದಿದ್ದಳಂತೆ.

"ಅದನ್ನ ಬರ್ಕೊಂಡ್ರೇನಕ್ಕ?"

"ಬರೀತೀನಿ," ಎಂದಳು ನಾಗವೇಣಿ.

ಬರೆಯಲು ಜಾಗವೆಲ್ಲಿ? ರಾಯದುರ್ಗದ ಆಫೀಸಿನಲ್ಲಿ ಸೂಪರ್‌ವೈಸರ್ ಯೋಗೀಶ, ಅಗಳಿ ಕಡೆಯವನು, ಪಫ್ಸ್ ತಿನ್ನುತ್ತ ಎಲ್ಲವನ್ನೂ ಕೇಳಿದ. ಮಡಕಶಿರಾ ಕಡೆಯೂ ಇದೇ ಪ್ರಶ್ನೆ, ಪರದೇಶದಲ್ಲೂ ಇದೇ ಪ್ರಶ್ನೆ, ಒಂದನ್ನು ತಿದ್ದಿದರೂ ಹೋಲಿಕೆ ಕೆಡುತ್ತದೆ ಎಂದ. ಕೊನೆಯಲ್ಲಿ 'ಇತರ ಶಿಕ್ಷೆ' ಎಂಬ ಕಾಲಂ ಇದೆಯಲ್ಲ ಎಂದು ಅವಳು ಪಟ್ಟು ಹಿಡಿದಳು.

"ಶಿಕ್ಷೆ ಅಂತ ತಾಯೇ ಹೇಳ್ಬೇಕಮ್ಮ. ಮೆಣಸಿನಕಾಯಿ ಸುಡೋದು ದೃಷ್ಟಿಗೆ. ನಮ್ಮನೇಲೂ ಸುಡ್ತಾರೆ. ಅದನ್ನೂ ಬರೀತೀಯೇನು?"

ಅವನು ನಕ್ಕ. ಆ ನಗು ಅವಳ ನೆತ್ತಿಗೇರಿತು. ನಲವತ್ತೊಂದು ಮನೆಯ ಅಂಗಳದಲ್ಲಿ ಕೂತು, ಕೊಟ್ಟ ಮಜ್ಜಿಗೆ ಕುಡಿದು, ಇಲ್ಲ, ಇಲ್ಲ, ಇಲ್ಲ ಎಂದು ಒತ್ತಿ ಬಂದವಳು ತಾನೇ. ಎಷ್ಟು ಮನೆಯ ಒಲೆಯ ಮುಂದೆ ಎಷ್ಟು ಕುತ್ತಿಗೆ ಬಗ್ಗಿದ್ದವೋ!

ಮನೆಗೆ ಬಂದರೂ ಸಿಟ್ಟು ಇಳಿಯಲಿಲ್ಲ. ಘಾಟಿಗೆ ಹೆದರಿ ಓಡಿಹೋದ ರಾಕ್ಷಸಿಯ ಕಥೆ ನೆನಪಾಯಿತು. ಉಜ್ಜಿನಮ್ಮ ಎಷ್ಟು ಚೆಂದ ಹೇಳುತ್ತಿದ್ದಳು. ಯಾವಾಗ ಹೇಳುತ್ತಿದ್ದಳು? ಮುಖ ತೊಳೆಸುವಾಗ. ಹಾಲು ಚೆಲ್ಲಿದ್ದಕ್ಕೋ, ಹಠ ಮಾಡಿದ್ದಕ್ಕೋ ಘಾಟು ಹಿಡಿಸಿ, ಆಮೇಲೆ ತಣ್ಣೀರು ಚಿಮುಕಿಸುತ್ತ. ರಾಕ್ಷಸಿ ಬೇರೆ ಯಾರೂ ಅಲ್ಲ, ಐದು ವರ್ಷದ ನಾಗವೇಣಿಯೇ. ಸತ್ತ ಅಜ್ಜಿಯ ಮೇಲೆ ಅವಳಿಗೆ ಮೊದಲ ಸಲ ಕೋಪ ಬಂತು, ಹಲ್ಲು ಕಚ್ಚುವಷ್ಟು.

ಮಾರನೆಯ ದಿನ ಮೊದಲ ಬಸ್ಸಿಗೇ ಕೊಟ್ರಮ್ಮನ ಮನೆಗೆ ಹೋದಳು. ಹುಡುಗಿ ಹೇಳಿದಳೆಂದು ಬಾಯಿ ಬಿಡಲಿಲ್ಲ. ಮಗಳ ಕಣ್ಣು ಯಾಕೆ ಹಂಗಾಗಿವೆ ಎಂದಷ್ಟೇ ಕೇಳಿದಳು. ಕೊಟ್ರಮ್ಮ ಅಳುಕಲಿಲ್ಲ. ದೃಷ್ಟಿ ತೆಗೆದಿದ್ದೆ ಎಂದಳು.

"ದೃಷ್ಟಿಗಾದ್ರ ನಿವಾಳಿಸಿ ಒಲಿಗೆ ಹಾಕಿದ್ರ ಸಾಕಿತ್ತಲ್ಲ ಕೊಟ್ರಕ್ಕ. ಮುಖ ಯಾಕ ಹಿಡಿದ್ರಿ?"

ಕೊಟ್ರಮ್ಮ ಸೆರಗಿನ ತುದಿ ಸುತ್ತತೊಡಗಿದಳು.

"ನಮ್ಮಜ್ಜಿ ನನ್ನ ಮುಖಾನೂ ಹಿಡದಾಳ್ರಿ. ಅದು ದೃಷ್ಟಿಗಲ್ಲ. ನಿಮಗ ಗೊತ್ತು, ನನಗ ಗೊತ್ತು."

"ಹೊಡದ್ರ ಬಾಸುಂಡಿ ಬರ್ತಾವ, ಮಂದಿ ನೋಡ್ತಾರ ಅಂತ..." ಕೊಟ್ರಮ್ಮನ ದನಿ ಕುಗ್ಗಿತು. "ಎದುರುತ್ತರ ಕೊಟ್ಲ್ರಿ. ಬುದ್ಧಿ ಬರ್ಲಿ ಅಂತ ಹಿಡದೆ. ನಮ್ಮವ್ವನೂ ನನಗ ಹಿಂಗ ಮಾಡ್ತಿದ್ಲು."

"ಅಂದ್ರ ಶಿಕ್ಷೆ."

ಹೇಮಾ ಹೊಸ್ತಿಲಲ್ಲಿ ನಿಂತಿದ್ದಳು. ಕೊಟ್ರಮ್ಮ ಮಗಳನ್ನು ನೋಡಿದಳು, ಆ ಕಣ್ಣುಗಳನ್ನು ಈಗ ಕಂಡವಳಂತೆ.

"ಹೌದ್ರಿ. ಶಿಕ್ಷೇನ. ಬರ್ಕೊಳ್ರಿ."

ನಾಗವೇಣಿ ಟ್ಯಾಬ್ ತೆರೆದಳು. 'ಇತರ ಶಿಕ್ಷೆ' ಎಂಬಲ್ಲಿ 'ಹೌದು' ಒತ್ತಿದಳು. ಕೆಳಗೆ ತೆರೆದ ಖಾಲಿ ಜಾಗದಲ್ಲಿ ಒಂದಕ್ಷರ ಬಿಡದೆ ಬರೆದಳು: ಕೆಂಡದ ಮೇಲೆ ಮೆಣಸಿನಕಾಯಿ ಹಾಕಿ, ಆ ಘಾಟಿಗೆ ಮಗುವಿನ ಮುಖ ಹಿಡಿದದ್ದು.