ಓರೆ ಕೊಯ್ದ ಹಾಲುವಾಣ

ಶಿವರಾತ್ರಿ ಕಳೆದು ಹದಿನೈದು ದಿನವಾಗಿತ್ತು. ಯಾದವಗಿರಿಯ ಪ್ರೇಮಲೀಲಮ್ಮನವರ ಹಿತ್ತಲಲ್ಲಿ ಹಾಲುವಾಣದ ಮರ ಎಲೆಯೆಲ್ಲ ಉದುರಿಸಿ, ಬರೀ ಕೆಂಪು ಹೂ ಹೊತ್ತು ನಿಂತಿತ್ತು. ಕಡ್ಡಿ ಕೊಯ್ಯಲು ಇದೇ ಹದ. ಚಾಮುಂಡೇಶ್ವರಿಯ ತಮ್ಮ ಸಿದ್ದರಾಜು ಕೊಂಬೆಯ ಮೇಲೆ ಕೂತು ಗೇಣು ಗೇಣಿಗೆ, ಒಂದು ತುದಿ ಓರೆಯಾಗಿ ತುಂಡರಿಸಿ ಕೆಡವುತ್ತಿದ್ದ. ಅವಳು ಆಯ್ದು ಗೋಣಿಗೆ ತುಂಬುತ್ತಿದ್ದಳು.

ಬನ್ನಿಮಂಟಪದಲ್ಲಿ ನಾಲ್ಕು ಹಸು ಕಟ್ಟಿಕೊಂಡಿದ್ದ ಅವಳಿಗೆ ಹನ್ನೆರಡು ವರ್ಷದಿಂದ ಹಸಿರು ಮೇವೆಂದರೆ ಈ ಮರದ ಸೊಪ್ಪೇ. ಪ್ರೇಮಲೀಲಮ್ಮ ಒಂದು ದಿನ ಬೇಡವೆಂದವರಲ್ಲ, ಬದಲಿಗೆ ಏನೂ ಕೇಳಿದವರೂ ಅಲ್ಲ. ಈಗ ಮನೆ ಮಾರಿ ಸರಸ್ವತಿಪುರಂಗೆ ಹೊರಟವರು ಮೊದಲ ಸಲ ಕೇಳಿದ್ದರು.

"ನಮ್ಮತ್ತೆ ತವರಿಂದ ಕಡ್ಡಿ ತಂದು ನೆಟ್ಟ ಮರ ಕಣೇ. ಒಂದೇ ಒಂದು ಸಸಿ ಎಬ್ಬಿಸಿ ಕೊಡು. ಅದು ಚಿಗುರೋವರೆಗೂ ಮನೆ ಕೊಂಡೋರಿಗೆ ಇದಕ್ಕೆ ಗರಗಸ ಹಾಕೋಕೆ ಬಿಡಲ್ಲ."

"ಒಂದ್ಯಾಕ್ರಮ್ಮ, ತೋಪನ್ನೇ ಎಬ್ಬಿಸ್ಕೊಡ್ತಾಳೆ ನಮ್ಮಕ್ಕ," ಎಂದ ಸಿದ್ದರಾಜು ಮೇಲಿಂದ.

"ಮೊದ್ಲು ಕೊಂಬೆ ಗಟ್ಟಿಯಾಗಿ ಇಡ್ಕೊಳ್ಳೋ, ತೋಪು ಆಮೇಲೆ."

ಬನ್ನಿಮಂಟಪಕ್ಕೆ ಬಂದು ತನ್ನ ಕೊಟ್ಟಿಗೆಯ ಪಕ್ಕ ಮೂವತ್ತು ಕಡ್ಡಿ ಊರಿದಳು. ಅಪ್ಪ ಕಲಿಸಿದ ಕ್ರಮ: ಓರೆ ಕೊಯ್ದ ತುದಿ ಮೇಲೆ, ಮಳೆನೀರು ಜಾರಲಿ ಅಂತ, ಸಪಾಟು ತುದಿ ಮಣ್ಣಿಗೆ. ಊರಿದ ಮೇಲೆ ಕಿತ್ತು ನೋಡಕೂಡದು.

ಮೂರು ವಾರಕ್ಕೆ ಚಿಗುರು ಬಂತು. ಆದರೆ ಚಿಗುರು ಬಂದ ರೀತಿ ಅವಳಿಗೆ ಸೇರಲಿಲ್ಲ. ಒಂದೊಂದೂ ಮೊದಲು ನೆಲದ ಕಡೆ ಇಳಿದು, ಆಮೇಲೆ ಕತ್ತು ಹೊರಳಿಸಿ ಮೇಲೆದ್ದಿತ್ತು. ಬಿಸಿಲಿಗಿರಬೇಕು ಅಂದುಕೊಂಡಳು.

ಗುರುವಾರ ಆಟೋದಲ್ಲಿ ಬಂದ ಪ್ರೇಮಲೀಲಮ್ಮ ಎಳೆಯ ಎಲೆಗಳನ್ನು ಸವರಿ, ಅಲ್ಲಿಂದಲೇ ಮನೆ ಕೊಂಡವರಿಗೆ ಫೋನು ಮಾಡಿದರು. "ನಾಳೆ ಮರ ಕಡೀಬಹುದು ಕಣ್ರೀ."

ಶನಿವಾರ ಬೆಳಿಗ್ಗೆ ಹಾಲು ಹಾಕಿ ಬಂದವಳು ನೋಡಿದರೆ ಮೂವತ್ತೂ ಕಡ್ಡಿಯ ಎಲೆ ಜೋತುಬಿದ್ದಿತ್ತು. ಮಣ್ಣು ತೇವವಾಗಿಯೇ ಇತ್ತು. ಬಗ್ಗಿದಳು. ಉದುರಿದ ಎಲೆಯ ಗುರುತಿನ ಮೇಲ್ಗಡೆ ಕಣ್ಣೊಡೆಯುವುದು ಗಿಡದ ಧರ್ಮ. ಇಲ್ಲಿ ಪ್ರತಿಯೊಂದು ಚಿಗುರೂ ಗುರುತಿನ ಕೆಳಗಿತ್ತು.

ತಮ್ಮನಿಗೆ ಫೋನು ಮಾಡಿದಳು. "ಸಿದ್ದ, ಅವತ್ತು ಓರೆ ಕೊಯ್ದಿದ್ದು ಯಾವ ಕಡೆಯೋ?"

"ಬುಡದ ಕಡೆ ಕಣಕ್ಕ. ಬೇಲಿ ಗೂಟ ಅಂಗೇ ಅಲ್ವಾ ಚೂಪು ಮಾಡೋದು? ಸಲೀಸಾಗಿ ಇಳೀಲಿ ಅಂತ."

ಹಾಗಾದರೆ ಮೂವತ್ತನ್ನೂ ತಲೆಕೆಳಗಾಗಿ ಊರಿದ್ದಳು. ಒಂದು ಕಡ್ಡಿ ಎಳೆದಳು. ಸುಲಭವಾಗಿ ಬಂತು. ಬೇರಿಲ್ಲ, ತುದಿ ಕಪ್ಪಾಗಿ ಲೋಳೆಯಾಗಿತ್ತು. ಎಲೆಗಳು ಇಷ್ಟು ದಿನ ಕಡ್ಡಿಯೊಳಗಿನ ಸಾರವನ್ನೇ ತಿಂದು ಹಸಿರಾಗಿದ್ದವು.

ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಯಾದವಗಿರಿಗೆ ಓಡಿದಳು. ಬಿದ್ದ ಮರದಿಂದ ಒಂದು ಹಿಡಿ ಕಡ್ಡಿ ಸಿಕ್ಕರೂ ಸಾಕಿತ್ತು.

ಹಿತ್ತಲು ಬಯಲಾಗಿತ್ತು. ಬುಡವನ್ನೂ ಜೆಸಿಬಿ ಎತ್ತಿತ್ತು. ಲಾರಿ ರಾತ್ರಿಯೇ ಹೋಗಿತ್ತು. ಗುಂಡಿಯ ಅಂಚಿನಲ್ಲಿ ಬರೀ ಗರಗಸದ ಪುಡಿ.

ಪ್ರೇಮಲೀಲಮ್ಮ ತಟ್ಟೆಯಲ್ಲಿ ಅರಿಶಿನ ಕುಂಕುಮ, ಒಂದು ಸೀರೆ ಇಟ್ಟುಕೊಂಡು ಬಂದರು. "ಸರಿಯಾದ ಹೊತ್ತಿಗೆ ಬಂದೆ. ಹನ್ನೆರಡು ವರ್ಷದ ಸೊಪ್ಪಿನ ಋಣ ತೀರಿಸಿಬಿಟ್ಟೆ ಕಣಮ್ಮ ನೀನು. ಬರೋ ಶುಕ್ರವಾರ ಬಂದು ಸಸಿ ಒಯ್ತೀನಿ."

ಚಾಮುಂಡೇಶ್ವರಿ ಬಾಯಿ ತೆರೆದಳು. ಪ್ರೇಮಲೀಲಮ್ಮ ಆಗಲೇ ಕುಂಕುಮದ ಬೆರಳನ್ನು ಹಣೆಗೆ ತಂದಿದ್ದರು.

"ಶುಕ್ರವಾರ ಬನ್ನಿ ಕಣ್ರಮ್ಮ," ಎಂದಳು.

ಸೆರಗಿನೊಳಗಿನ ಕಡ್ಡಿಯ ಲೋಳೆ ಅವಳ ಹೊಟ್ಟೆಗೆ ತಣ್ಣಗೆ ತಾಗುತ್ತಿತ್ತು.