ಬಚ್ಚಲ ಗವಾಕ್ಷಿಯ ಚಾದರ

ಗಾಳಿ ಕಿವಿಗೇ ಹೊಡೆಯುತ್ತಿದೆ, ಕುಂಭಾರಿ ದಾಟಿದ ಮೇಲಂತೂ ಬಸ್ಸಿನ ಕಿಟಕಿ ಗಡಗಡ, ಹಿಂದಿನ ಸೀಟಿನ ಹೆಂಗಸು ಕಾಕಾ, ಆ ಖಿಡಕಿ ಬಂದ್ ಮಾಡ್ರಿ, ಥಂಡಿ ಬರಾಕತ್ತದ ಅಂದಳು, ಮಲ್ಲಿಕಾರ್ಜುನ ಗಾಜು ಎಳೆದ, ಅದು ಬೆರಳಗಲ ಸಂದಿ ಉಳಿಸಿ ಹಟ ಹಿಡಿದು ನಿಂತಿತು, ಅವನ ಕೈಯೂ ಅಲ್ಲೇ ನಿಂತಿತು — ಈ ಸಂದಿ ಕಂಡದ್ದೇ, ಮೊನ್ನೆ, ಮನೆಯಲ್ಲೇ, ಸ್ಟೂಲು ಹತ್ತಿ ಬಚ್ಚಲ ಗವಾಕ್ಷಿಗೆ ಹಳೆಯ ಚಾದರ ತುರುಕುವಾಗ ಕೊನೆಗೆ ಇಷ್ಟೇ ಬೆಳಕು ಉಳಿದಿತ್ತು, ಕೆಂಪು ಅಂಚಿನ ಒಂದು ಮೂಲೆ ಒಳಗೆ ಹೋಗಲೊಲ್ಲದು, ಸುಮಿತ್ರಾ ಕೆಳಗಿನಿಂದ ಲಟ್ಟಣಿಗೆ ಚಾಚಿದ್ದಳು, ತಗೋರಿ, ಇದರಿಂದ ಒತ್ರಿ, ಬಾಣಂತಿಗೆ ಗಾಳಿ ತಾಕಿದ್ರ ಜನ್ಮಾಪೂರ್ತಿ ಸೊಂಟ ಹಿಡೀತದ. ಒತ್ತಿದ್ದ. ಬೆಳಕು ಹೋಯಿತು. ಇರುವೆಗೂ ದಾರಿ ಇಲ್ಲ ನೋಡು ಎಂದು ಹೆಂಡತಿಯೆದುರು ಎದೆ ಉಬ್ಬಿಸಿ ಇಳಿದಿದ್ದ, ಮೂವತ್ತು ವರ್ಷ ಸಾಲಿ ಆಫೀಸಿನಲ್ಲಿ ಫೈಲು ಕಟ್ಟಿದವನಿಗೆ ಅಚ್ಚುಕಟ್ಟೆಂದರೆ ಪ್ರಾಣ. ಅಕ್ಕಲಕೋಟೆಗೆ ಹೋಗಿ ಅಕ್ಕ ವೇಣೂಬಾಯಿಯನ್ನು ಮೊಮ್ಮಗಳ ತೊಟ್ಟಿಲಿಗೆ ಕರೆಯಬೇಕು, ಅಷ್ಟೇ ಇವತ್ತಿನ ಕೆಲಸ, ಮನಸ್ಸು ಯಾಕೆ ಬಚ್ಚಲಲ್ಲೇ ಕೂತಿದೆ?

ಯಾಕೆಂದರೆ ಧನರಾಜ. ಗ್ಯಾಸ್ ಗೀಜರು ಕೂರಿಸಿದ ಧನರಾಜ ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ್ದ, ಸಾಹೇಬ್ರ, ನಿಮ್ಮಂಗ ಇದಕ್ಕೂ ಉಸಿರು ಬೇಕ್ರಿ, ಗವಾಕ್ಷಿ ಮುಚ್ಚಬ್ಯಾಡ್ರಿ, ಉರಿ ನೀಲಿ ಇದ್ರ ಛಲೋ, ಹಳದಿ ಬಂತಂದ್ರ ಬಂದ್ ಮಾಡಿ ಹೊರಗ ಬರ್ರಿ, ಅದು ವಿಷದ ಗಾಳಿ ಬಿಡ್ತದ, ಆ ವಿಷಕ್ಕ ವಾಸನಿ ಇರಂಗಿಲ್ಲ. ಎರಡು ಬಕೆಟಿನ ಸ್ನಾನಕ್ಕೆ ಎಷ್ಟು ಉಪದೇಶವಪ್ಪಾ ಎಂದು ಆಗ ನಕ್ಕಿದ್ದ — ಆದರೆ ಬಾಣಂತಿ ಸ್ನಾನ ಎರಡು ಬಕೆಟಿನದೇ? ಎಣ್ಣೆ ತಿಕ್ಕಿ, ಕೂಸಿಗೆ ಎರೆದು, ಮಗಳು ಕೇತಕಿಗೆ ಕುದಿಕುದಿ ನೀರು ಬೆನ್ನ ಮೇಲೆ ಸುರಿಯುತ್ತ ಸುಮಿತ್ರಾ ತಾಸುಗಟ್ಟಲೆ ಒಳಗೇ ಇರುತ್ತಾಳೆ, ಬಾಗಿಲು ಬೇರೆ ಹಾಕಿ. ನಿನ್ನೆ ಮಗಳು ಹೊರಗೆ ಬಂದವಳೇ ಗೋಡೆ ಹಿಡಿದಳು, ಅಪ್ಪಾ, ತಲಿ ಸಿಡ್ಯಾಕತ್ತದ, ವಾಂತಿ ಬಂದಂಗ ಆಗ್ತದ. ದೃಷ್ಟಿ ಆಗ್ಯಾದ ಅಂದಳು ಸುಮಿತ್ರಾ, ಉಪ್ಪು ಮೆಣಸಿನಕಾಯಿ ನಿವಾಳಿಸಿದಳು, ಇವನು ಪೇಪರು ಓದುತ್ತ ಹೂಂ ಅಂದ. ಓದುತ್ತ! ಅದಕ್ಕೂ ಮುಂಚೆ ಗೀಜರಿನ ಸಣ್ಣ ಕಿಂಡಿಯಲ್ಲಿ ಉರಿ ಕಂಡಿತ್ತಲ್ಲ, ಅರಿಶಿನದ ಬಣ್ಣ, ಎಷ್ಟು ಚೆಂದ ಉರಿಯುತ್ತದೆ ಅಂದುಕೊಂಡಿದ್ದನಲ್ಲ ಈ ಜಾಣ. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಇವನು ಹಾಗೂ ಅಲ್ಲ, ಸೂರೆಯಾಗಲೆಂದೇ ಹಾಕಿ ಬಂದವನು. ಗಡಿಯಾರದಲ್ಲಿ ಹತ್ತೂ ಮುಕ್ಕಾಲು, ಹತ್ತಕ್ಕೆ ಎಣ್ಣೆ, ಹತ್ತೂವರೆಗೆ ನೀರು. ಸುಮಿತ್ರಾಳ ಫೋನಿಗೆ ಹಚ್ಚಿದ, ಅಡುಗೆಮನೆ ಕಟ್ಟೆಯ ಮೇಲೆ ಅದು ಒಬ್ಬಂಟಿಯಾಗಿ ಬಡಕೊಳ್ಳುತ್ತಿರಬೇಕು, ಮತ್ತೆ ಹಚ್ಚಿದ, ಕೇತಕಿಯದಕ್ಕೂ ಹಚ್ಚಿದ, ಯಾರೂ ಎತ್ತಲಿಲ್ಲ.

ಪಕ್ಕದ ಮನೆಯ ಶೈಲೇಶ ಎತ್ತಿದ. ಓಡು, ನಮ್ಮ ಮನಿಗಿ ಓಡಪಾ, ಬಚ್ಚಲ ಬಾಗ್ಲ ತೆಗಸು. ವಳಸಂಗ ಬಂತು, ಇಳಿದ, ಇಳಿದು ಮಾಡುವುದೇನು, ರಸ್ತೆ ದಂಡೆಯಲ್ಲಿ ನಿಂತ, ಸುತ್ತ ಬಯಲು, ಎಷ್ಟು ಗಾಳಿ, ಯಾರಿಗೂ ಬೇಡದ ಗಾಳಿ, ಕಿವಿಯಲ್ಲಿ ಶೈಲೇಶನ ಏದುಸಿರು — ಕಾಕಾ, ಮುಂದಿನ ಬಾಗ್ಲ ಒಳಗಿಂದ ಹಾಕ್ಯದ, ಕರದ್ರ ಯಾರೂ ಓ ಅನವಲ್ರು, ನೀರಿನ ಸಪ್ಪಳ ಅಷ್ಟ ಬರಾಕತ್ತದ. ಹಿತ್ತಲಿಗಿ ಹೋಗು, ಗವಾಕ್ಷಿಗಿ ಚಾದರ ಅದ, ಜಗ್ಗು. ಬರವಲ್ದು ಕಾಕಾ, ಯಾರು ಇಷ್ಟು ಗಟ್ಟಿ ತುರುಕ್ಯಾರ? ಯಾರು ಅಂತ ಹೇಳಲಿ, ಲಟ್ಟಣಿಗೆ, ಕೆಂಪು ಮೂಲೆ, ಇರುವೆಗೂ ದಾರಿ ಇಲ್ಲ ನೋಡು, ಜಗ್ಗೋ, ಹರದು ಹೋದ್ರ ಹೋಗ್ಲಿ, ಜಗ್ಗೋ. ಬಂತು. ಚಾದರ ಬಂತು ಕಾಕಾ, ಹಬೆ ಬರಾಕತ್ತದ, ಆಮೇಲೆ ದಡದಡ, ಯಾರೋ ಬಾಗಿಲು ಒದೆಯುತ್ತಾರೆ, ಮರ ಮುರಿಯುತ್ತದೆ, ಹೆಂಗಸರ ಕೂಗು, ಗೀಜರ್ ಬಂದ್ ಮಾಡ್ರಿ ಎಂದು ಯಾರೋ, ಕಾಕೂನ್ನ ಹಿಡೀರಿ, ಕೇತಕಿ ಅಕ್ಕನ್ನ ಮೊದಲ ಎತ್ರಿ, ಮತ್ತೆ ಏನೂ ಇಲ್ಲ, ಶಿವನೇ ಏನೂ ಇಲ್ಲ, ಒಂದು ಲಾರಿ ಹೋಯಿತು, ಆಮೇಲೆ ಎಲ್ಲಿಂದಲೋ ಒಂದು ಎಳೆಯ ಅಳು, ಕೂಸು, ಕೂಸು ಅಳುತ್ತಿದೆ, ಅವನೂ ಆ ಬಯಲಲ್ಲಿ ನಿಂತು ಹೋ ಎಂದು ಅತ್ತ. ಅಂಗಳದಾಗ ಮಲಗಿಸೀವಿ, ಅಕ್ಕ ಕಣ್ಣ ಬಿಟ್ಟಾಳ ಕಾಕಾ, ದವಾಖಾನಿ ಗಾಡಿ ಬರಾಕತ್ತದ, ತಗೋರಿ, ಕಾಕೂ ಮಾತಾಡ್ತಾರಂತ. ಸುಮಿತ್ರಾಳ ದನಿ ಬಾವಿಯೊಳಗಿಂದ ಬಂದಂತೆ, ತೊದಲುತ್ತ, ಕೂಸಿನ್ನ ಬಯಲಾಗ ಮಲಗಿಸ್ಯಾರ್ರೀ, ಗಾಳಿ ತಾಕ್ತದ. ತಾಕಲಿ, ಸುಮಿತ್ರಾ, ತಾಕಲಿ. ಥಂಡಿ ಆಗಬಾರ್ದಂತ ಕೂಸಿಗಿ ಆ ಚಾದರನ ಹೊಚ್ಚೀವಿ ಕಾಕಾ ಎಂದು ಹಿಂದಿನಿಂದ ಶೈಲೇಶ, ಅದೇ ಚಾದರ, ಮುಖ ತೆರೆದಿಡ್ರೋ, ಮುಖ ತೆರೆದಿಡ್ರಿ, ಫೋನು ಯಾವಾಗಲೋ ಕಟ್ಟಾಗಿದೆ, ಇವನು ಇನ್ನೂ ಕೂಗುತ್ತಿದ್ದಾನೆ, ಕಣ್ಣ ಮುಂದೆ ಕೆಂಪು ಅಂಚಿನ ಆ ಮೂಲೆ ಕೂಸಿನ ಮೂಗಿನ ಹತ್ತಿರ, ಇನ್ನೂ ಹತ್ತಿರ, ನಡುವೆ ಬೆರಳಗಲ ಬೆಳಕು.