ಅಮ್ಮನ ದಣಿವಿಗೆ ಎಷ್ಟು ಅಂಕ

ಲೇಕ್ ಗಾರ್ಡನ್ಸಿನಿಂದ ಆಟೋದಲ್ಲಿ ಜಾದವ್‌ಪುರಕ್ಕೆ ಬಂದು, ಮಕ್ಕಳ ಕ್ಲಿನಿಕ್ಕಿನ ಮೂರು ಮಹಡಿ ಹತ್ತುವಷ್ಟರಲ್ಲಿ ಜಲಜಾಳಿಗೆ ಸಾಕುಸಾಕಾಗಿತ್ತು. ಮಗಳು ಇಂಚರ, ಒಂಬತ್ತು ವರ್ಷ, ನಲವತ್ತೊಂಬತ್ತು ಕೆಜಿ, ಏದುಸಿರು ಬಿಡುತ್ತ ಪಕ್ಕದಲ್ಲಿ ಕೂತಳು. ಐಟಿ ಕಂಪನಿಗಳ ಸೆಕ್ಟರ್ ಫೈವ್‌ನಲ್ಲಿ ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲವದು. ಗಂಡ ಮನೋಜ ಅಲ್ಲೊಂದರಲ್ಲಿ ಕೂತು ಯಾವುದೋ ದೇಶದ ಗಡಿಯಾರಕ್ಕೆ ದುಡಿಯುತ್ತಿದ್ದ. ಮಗಳ ತೂಕ, ಟಿಫಿನ್ ಡಬ್ಬಿ, ಅಕ್ಕಪಕ್ಕದವರ ಕುಹಕ ಎಲ್ಲವೂ ಜಲಜಾಳ ಪಾಲಿಗೇ.

ನರ್ಸ್ ಒಂದು ಹಾಳೆ ಕೊಟ್ಟು ಹೋದಳು. ಇಂಥ ಮಕ್ಕಳ ತಂದೆತಾಯಿಯ ಮನಸ್ಸಿಗೆ ಎಷ್ಟು ಭಾರವಾಗಿದೆ ಎಂದು ಅಳೆಯುವುದಂತೆ. ಮೂವತ್ತು ಪ್ರಶ್ನೆ; ಸೊನ್ನೆ ಎಂದರೆ ಎಂದೂ ಇಲ್ಲ, ನಾಲ್ಕೆಂದರೆ ಯಾವಾಗಲೂ. ಎಲ್ಲ ಇಂಗ್ಲಿಷಿನಲ್ಲಿ. ಹಾಸನದಲ್ಲಿ ಕನ್ನಡದಲ್ಲೇ ಓದಿದ ಜಲಜಾಳಿಗೆ ಈ ಬಂಗಾಳಿ ಊರಿನಲ್ಲಿ ಕರೆಂಟು ಬಿಲ್ಲಿನಿಂದ ಹಿಡಿದು ಶಾಲೆಯ ಚೀಟಿಯವರೆಗೆ ಓದಿ ಹೇಳುವವಳು ಮಗಳೇ. ಇದನ್ನೂ ಅವಳ ಕೈಗೇ ಕೊಟ್ಟು, ಗೋಡೆಗೊರಗಿ ಕಣ್ಣು ಮುಚ್ಚಿದಳು.

"ಅಮ್ಮಾ, ಊಟದ ವಿಷಯಕ್ಕೆ ಮಗು ಜೊತೆ ಜಗಳ ಆಗುತ್ತಾ?"

"ಸೊನ್ನೆ ಹಾಕು."

"ಬೆಳಿಗ್ಗೆ ಇನ್ನೊಂದು ಲುಚಿ ಪೂರಿಗೆ ಆಯ್ತಲ್ಲ!"

"ಅದೂ ಒಂದು ಜಗಳವೇನೇ? ಸೊನ್ನೆ."

"ಟಯರ್ಡ್ ಆಗಿರ್ತೀರಾ?"

"ಎಲ್ಲಕ್ಕೂ ಸೊನ್ನೆ ಕಣೇ."

ಆದರೂ ಇಂಚರ ಒಂದೊಂದನ್ನೂ ಓದಿ ಕೇಳುತ್ತ, ಅಂಕ ಬರೆಯುತ್ತ ಹೋದಳು.

ತನ್ನ ದಣಿವನ್ನು ಮಗಳ ಕೈಯಲ್ಲೇ ಬರೆಸುವ ತಾಯಿ ಎಲ್ಲಾದರೂ ಉಂಟೇ? ಅವಳಿಗೆ ತಿಳಿಯಬಾರದೆಂದೇ ಅಲ್ಲವೇ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದುದು?

ಒಳಗೆ ಡಾಕ್ಟರಮ್ಮ ಅಂಕ ಕೂಡಿಸಿ, ಕನ್ನಡಕ ತೆಗೆದು, ಹಿಂದಿಯಲ್ಲಿ ಕೇಳಿದರು: "ನೂರಿಪ್ಪತ್ತಕ್ಕೆ ನೂರೆಂಟು. ಇಷ್ಟು ದಿನ ಒಬ್ಬರೇ ಹೇಗೆ ಸಹಿಸಿದಿರಿ?"

ಜಲಜಾ ಮಗಳತ್ತ ತಿರುಗಿದಳು. ಇಂಚರ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದಳು.

"ನೀನು ಸುಳ್ಳು ಹೇಳ್ತಿದ್ದೆ ಅಮ್ಮಾ. ನಲ್ಲಿ ಸೌಂಡಲ್ಲೂ ಕೇಳ್ಸತ್ತೆ."

"ಹಾಳೆ ತುಂಬಿದ್ದು ಮಗುವೇ? ಅಯ್ಯೋ, ಬೇರೆ ಕೊಡ್ತೀನಿ," ಎಂದು, ಮಾತು ತಿಳಿಯದಿದ್ದರೂ ಇಬ್ಬರ ಮುಖ ನೋಡಿ ಊಹಿಸಿದ ಡಾಕ್ಟರಮ್ಮ ಗಡಿಬಿಡಿಗೊಂಡರು.

"ಬೇಡ ಬಿಡಿ. ಇದನ್ನೇ ಓದಿ," ಎಂದಳು ಜಲಜಾ.

ಅವರು ಹಿಂದಿಯಲ್ಲಿ ಒಂದೊಂದಾಗಿ ಓದಿದರು. ಒಂದಕ್ಕೂ ಜಲಜಾ ಅಲ್ಲವೆನ್ನಲಿಲ್ಲ. ಕಡೆಯದನ್ನು ಮಾತ್ರ ಇಂಚರ ಹೊರಗೆ ಗಟ್ಟಿಯಾಗಿ ಓದಿಯೇ ಇರಲಿಲ್ಲ: ಈ ಮಗು ಹುಟ್ಟದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆಯೇ? ಅದಕ್ಕೂ ನಾಲ್ಕು.

ಜಲಜಾ ಪೆನ್ನು ಇಸಿದುಕೊಂಡು ಆ ನಾಲ್ಕನ್ನು ಹೊಡೆದುಹಾಕಿ ಸೊನ್ನೆ ಬರೆದಳು.

"ಉಳಿದದ್ದು?" ಡಾಕ್ಟರಮ್ಮ ಕೇಳಿದರು.

"ಉಳಿದದ್ದೆಲ್ಲ ನಿಜ," ಎಂದಳು ಜಲಜಾ, ಮಗಳ ಎದುರಿಗೇ.

ಇಂಚರ ತಲೆ ಎತ್ತಿದಳು. "ಅದೊಂದು ಮಾತ್ರ ತಪ್ಪಾ?"

"ಅದೊಂದು ಮಾತ್ರ ಕಣೇ."